ಬೋಟಿಗೆ ಅಗ್ಗದ, ತುಕ್ಕು ತಿನ್ನದ ಲೋಹ ಉಂಟಾ?

ಮಲ್ಪೆ ಬೋಟಿನವ:
ನಮ್ಮದು ಸ್ಟೀಲ್ ಹಲ್‌ನ (ಹೊರಮೈಯ) ಟ್ರಾಲ್ ಬೋಟು. ಪ್ರತಿ ಮಳೆಗಾಲ ಮೇಲೆ ಎಳೆದಾಗ ಒಂದೇ ಕಥೆ. ನೀರಿನ ಗೆರೆ ಹತ್ತಿರ ಪ್ಲೇಟು ತೆಳುವಾಗಿರುತ್ತದೆ, ಚುಕ್ಕಾಣಿಯ ಪಿನ್ ಸವೆದಿರುತ್ತದೆ. ಈ ಸಲ ಪ್ರೊಪೆಲ್ಲರ್ ತಿರುಗಿಸುವ ಶಾಫ್ಟೂ ಹೋಯಿತು. 316 ಗ್ರೇಡ್ ಅಂತ ಹೇಳಿ ಕೊಟ್ಟ ಸ್ಟೇನ್‌ಲೆಸ್ ಶಾಫ್ಟು. ಹೊರಗೆ ಕಾಣುವ ಭಾಗ ಈಗಲೂ ಹೊಳೆಯುತ್ತಿದೆ, ಸ್ಟರ್ನ್ ಟ್ಯೂಬ್ (ಶಾಫ್ಟು ಹಲ್ ದಾಟಿ ಹೊರಗೆ ಹೋಗುವ ಕೊಳವೆ) ಒಳಗಿದ್ದ ಭಾಗದಲ್ಲಿ ಮಾತ್ರ ಸಾಲಾಗಿ ತೂತು, ಕೆಲವು ತೂತಿಗೆ ಬೆರಳಿನ ಉಗುರು ಇಳಿಯುತ್ತದೆ.

ಇನ್ನೊಂದು ಕಡೆ ವಾಟ್ಸಾಪಲ್ಲಿ ಒಂದು ಸುದ್ದಿ ಓಡಾಡುತ್ತಿದೆ. ಸಮುದ್ರದ ನೀರಲ್ಲೂ ತುಕ್ಕು ಹಿಡಿಯದ ಹೊಸ ಸ್ಟೀಲ್ ಬಂದಿದೆ, ಟೈಟಾನಿಯಂಗಿಂತ 40 ಪಟ್ಟು ಅಗ್ಗ ಅಂತ. ಅದು ನಮ್ಮ ಕೈಗೆ ಯಾವಾಗ ಸಿಗುತ್ತದೆ? ಮಂಗಳೂರಲ್ಲಿ ಸಿಗಬೇಕು, ನಮ್ಮ ವೆಲ್ಡರ್ ಕೈಯಲ್ಲಿ ಬೆಸುಗೆ ಆಗಬೇಕು, ಬೆಲೆ ಕೇಳಿ ತಲೆ ತಿರುಗಬಾರದು. ಬೇರೇನೂ ಬೇಡ. ಗೊತ್ತಿದ್ದವರು ಹೇಳಿ.

ಸುರತ್ಕಲ್ ಮೆಟಲರ್ಜಿ:
ಸರ್, ಆ ಸುದ್ದಿ ಸುಳ್ಳಲ್ಲ, ಆದರೆ ಅರ್ಧ ಮಾತ್ರ ಬಂದಿದೆ. ಅದು ಹಾಂಗ್‌ಕಾಂಗ್ ವಿಶ್ವವಿದ್ಯಾಲಯದ ಮಿಂಗ್‌ಶಿನ್ ಹುವಾಂಗ್ ತಂಡದ ಕೆಲಸ, 2023ರಲ್ಲಿ ಪ್ರಕಟವಾಯಿತು. ಎಸ್‌ಎಸ್-ಎಚ್2 ಅಂತ ಹೆಸರಿಟ್ಟಿದ್ದಾರೆ. ಸಮುದ್ರದ ನೀರಿಗೆ ಕರೆಂಟ್ ಹಾಯಿಸಿ ಹೈಡ್ರೋಜನ್ ತೆಗೆಯುವ ಯಂತ್ರಕ್ಕೆ ಮಾಡಿದ್ದು. ಮಾಮೂಲಿ ಸ್ಟೇನ್‌ಲೆಸ್ ಮೇಲಿನ ಕ್ರೋಮಿಯಂ ಪದರ 1000 ಮಿಲಿವೋಲ್ಟ್ ಹತ್ತಿರ ಕರಗಲು ಶುರುವಾಗುತ್ತದೆ. ನೀರನ್ನು ಒಡೆಯಲು ಬೇಕಾಗುವುದು ಸುಮಾರು 1600. ಇವರ ಸ್ಟೀಲಿನಲ್ಲಿ 720 ದಾಟಿದ ಮೇಲೆ ಕ್ರೋಮಿಯಂ ಪದರದ ಮೇಲೆ ಮ್ಯಾಂಗನೀಸ್ ಪದರವೊಂದು ಕಟ್ಟಿಕೊಳ್ಳುತ್ತದೆ, ಅದು 1700ರವರೆಗೂ ತಡೆಯುತ್ತದೆ. ಮ್ಯಾಂಗನೀಸ್ ಹೀಗೆ ಕಾಪಾಡುತ್ತದೆ ಅಂತ ಮೊದಲು ಅವರಿಗೇ ನಂಬಿಕೆ ಬಂದಿರಲಿಲ್ಲವಂತೆ.

ಆದರೆ ನಿಮ್ಮ ಬೋಟಿನ ಲೋಹ ಆ ವೋಲ್ಟೇಜಿನ ಅರ್ಧವನ್ನೂ ನೋಡುವುದಿಲ್ಲ. ಅಲ್ಲಿಯ 40 ಪಟ್ಟಿನ ಲೆಕ್ಕ ಚಿನ್ನ, ಪ್ಲಾಟಿನಂ ಲೇಪಿಸಿದ ಟೈಟಾನಿಯಂ ಭಾಗಗಳ ಎದುರು ಹಾಕಿದ್ದು. ಶಾಫ್ಟಿಗೆ ಅದನ್ನು ಕಾಯುತ್ತಾ ಕೂತರೆ ಪ್ರಯೋಜನ ಇಲ್ಲ.

ದಕ್ಕೆ ವೆಲ್ಡರ್:
ಅಣ್ಣ, ಮೊದಲು ಅದು 316 ಹೌದಾ ಅಂತ ನೋಡಿ ಮಾರಾಯ್ರೆ. ನಮ್ಮ ಕಡೆ ಅಯಸ್ಕಾಂತ ಹಚ್ಚಿ ನೋಡುವವರೇ ಜಾಸ್ತಿ. ಅಂಟದಿದ್ದರೆ ಒಳ್ಳೇ ಮಾಲು ಅಂತ ತಗೊಂಡು ಬರುತ್ತಾರೆ. ಪಾತ್ರೆಗೆ ಹಾಕುವ 200 ಸರಣಿಯ ಮಾಲೂ ಅಂಟುವುದಿಲ್ಲ, 304 ಕೂಡ ಅಂಟುವುದಿಲ್ಲ. ಮತ್ತೆ ತಮಾಷೆ ಎಂತ ಅಂದರೆ ಒಳ್ಳೇ 304 ಸರಳನ್ನು ಎಳೆದು, ಬಗ್ಗಿಸಿದ ಮೇಲೆ ಸ್ವಲ್ಪ ಅಂಟುತ್ತದೆ. ಹಾಗಾಗಿ ಅಯಸ್ಕಾಂತದಿಂದ ಏನೂ ಗೊತ್ತಾಗುವುದಿಲ್ಲ.

ಒಂದು ಡ್ರಾಪ್ ಟೆಸ್ಟ್ ಕಿಟ್ ಸಿಗುತ್ತದೆ. ಒಂದು ಹನಿ ಹಾಕಿ ಚಿಕ್ಕ ಬ್ಯಾಟರಿ ತಾಗಿಸಿದರೆ ಮಾಲಿಬ್ಡಿನಂ ಇದ್ದಲ್ಲಿ ಬಣ್ಣ ಬರುತ್ತದೆ. 304, 202ರಲ್ಲಿ ಅದು ಇಲ್ಲ, 316ರಲ್ಲಿ 2ರಿಂದ 3 ಶೇಕಡಾ ಉಂಟು. ದೊಡ್ಡ ಆರ್ಡರ್ ಆದರೆ ಲ್ಯಾಬಿನವರಿಂದ, ಲೋಹದಲ್ಲಿ ಏನೇನು ಉಂಟು ಅಂತ ಎಕ್ಸ್-ರೇಯಲ್ಲಿ ತೋರಿಸುವ ಎಕ್ಸ್‌ಆರ್‌ಎಫ್ ಗನ್ ಹಿಡಿಸಿ. ಬಿಲ್ಲಿನ ಜೊತೆ ಮಿಲ್ ಟೆಸ್ಟ್ ಸರ್ಟಿಫಿಕೇಟ್ ಕೇಳಿ, ಅದರಲ್ಲಿರುವ ಹೀಟ್ ನಂಬರ್ (ಕರಗಿಸಿದ ಬ್ಯಾಚಿನ ನಂಬರ್) ಸರಳಿನ ಮೇಲೂ ಇರಬೇಕು.

ಮಲ್ಪೆ ಬೋಟಿನವ:
ಕಿಟ್ ತರಿಸಿ ನೋಡಿದೆ. ಬಣ್ಣ ಬಂತು. ಹಾಗಾದರೆ ನಿಜವಾಗಿ 316. ಆದರೂ ತೂತು ಬಿದ್ದಿದೆಯಲ್ಲ!

ಹಡಗಿನ ಇಂಜಿನಿಯರ್:
ಅಲ್ಲೇ ಇರುವುದು ವಿಷಯ. ಸ್ಟೇನ್‌ಲೆಸ್ ಉಳಿಯುವುದು ಅದರ ಮೈಮೇಲಿನ ಕಣ್ಣಿಗೆ ಕಾಣದ ಕ್ರೋಮಿಯಂ ಆಕ್ಸೈಡ್ ಪದರದಿಂದ. ಅದು ಹರಿದರೆ ನೀರಿನಲ್ಲಿರುವ ಆಮ್ಲಜನಕ ತಗೊಂಡು ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ. ಬೋಟು ಓಡುವಾಗ ಹೊರಗಿನ ಶಾಫ್ಟಿಗೆ ಹೊಸ ನೀರು ತಾಗುತ್ತಲೇ ಇರುತ್ತದೆ. ಟ್ಯೂಬ್ ಒಳಗೆ ನಿಂತ ನೀರು. ಅಲ್ಲಿ ಆಮ್ಲಜನಕ ಮುಗಿಯುತ್ತದೆ, ಕ್ಲೋರೈಡ್ ಸಂದಿಯಲ್ಲಿ ಸೇರಿಕೊಳ್ಳುತ್ತದೆ, ಒಳಗಿನ ನೀರು ಹುಳಿಯಾಗುತ್ತಾ ಹೋಗುತ್ತದೆ. ಒಮ್ಮೆ ತೂತು ಶುರುವಾದರೆ ಆ ತೂತೊಳಗಿನ ನೀರು ಇನ್ನೂ ಹುಳಿ. ಅದಕ್ಕೇ ಅದು ಅಗಲವಾಗದೆ ಆಳಕ್ಕೆ ಹೋಗುವುದು.

ಈಗ ನಿಮ್ಮ ಮಳೆಗಾಲದ ಮೀನುಗಾರಿಕೆ ರಜೆ ಲೆಕ್ಕ ಹಾಕಿ. ಜೂನ್ 1ರಿಂದ ಜುಲೈ 31, 61 ದಿನ. ಆ ಬೋಟನ್ನು ಶುರುವಿಗೇ ಮೇಲೆ ಎಳೆದಿದ್ದಿರಾ, ಅಥವಾ ಅಳಿವೆಯಲ್ಲಿ ಕಟ್ಟಿಹಾಕಿ ಕೊನೆಗೆ ಎಳೆದಿರಾ? ಶಾಫ್ಟ್ ತಿರುಗದೆ, ಕೆಸರು ಕೂತು, ಅಡಿಯಲ್ಲಿ ಚಿಪ್ಪು ಬೆಳೆದು ನಿಂತಿದ್ದರೆ 316ಕ್ಕೆ ಅದಕ್ಕಿಂತ ಕೆಟ್ಟ ಜಾಗ ಇಲ್ಲ. ಓಡುವ ಬೋಟಿನ ಶಾಫ್ಟ್ ನಿಂತ ಬೋಟಿನ ಶಾಫ್ಟಿಗಿಂತ ಜಾಸ್ತಿ ಬಾಳುತ್ತದೆ.

ಮಲ್ಪೆ ಬೋಟಿನವ:
ಜುಲೈ ಕೊನೆಗೆ ಎಳೆದದ್ದು. ಸ್ಲಿಪ್‌ವೇನಲ್ಲಿ ಜಾಗ ಸಿಗಬೇಕಲ್ಲ.

ಬೆಂಗಳೂರು ಹುಡುಗ:
ಒಂದು ಪ್ರಶ್ನೆ. ದೆಹಲಿಯ ಕಬ್ಬಿಣದ ಸ್ತಂಭ 1600 ವರ್ಷದಿಂದ ತುಕ್ಕು ಹಿಡಿಯದೆ ನಿಂತಿದೆ. ನಮ್ಮವರಿಗೆ ಆಗಲೇ ಗೊತ್ತಿದ್ದ ವಿದ್ಯೆ. ಅದನ್ನೇ ಯಾಕೆ ಮತ್ತೆ ಮಾಡಬಾರದು?

ಸುರತ್ಕಲ್ ಮೆಟಲರ್ಜಿ:
ಈ ಪ್ರಶ್ನೆ ಬಂದೇ ಬರುತ್ತದೆ ಅಂತ ಕಾಯುತ್ತಿದ್ದೆ. ಐಐಟಿ ಕಾನ್ಪುರದ ಆರ್. ಬಾಲಸುಬ್ರಮಣ್ಯಂ ಅದರ ಮೇಲೆ ತುಂಬಾ ಕೆಲಸ ಮಾಡಿದ್ದರು. ಆ ಕಬ್ಬಿಣದಲ್ಲಿ ರಂಜಕ ಜಾಸ್ತಿ. ಒದ್ದೆಯಾಗಿ ಒಣಗಿ, ಮತ್ತೆ ಒದ್ದೆಯಾಗಿ ಒಣಗಿ, ಮೇಲೆ ಫಾಸ್ಫೇಟಿನ ಬಿಗಿಯಾದ ಪದರ ಕಟ್ಟಿಕೊಂಡಿದೆ. ಒಣಗಲು ಸಮಯ ಸಿಗಬೇಕು ಅನ್ನುವುದೇ ಅಲ್ಲಿ ಮುಖ್ಯ. ದೆಹಲಿ ಗಾಳಿಯಲ್ಲಿ ಸಿಗುತ್ತದೆ.

ನಮ್ಮಲ್ಲೇ ಕೊಡಚಾದ್ರಿಯ ಮೂಲ ಮೂಕಾಂಬಿಕೆ ಗುಡಿ ಹತ್ತಿರವೂ ಒಂದು ಹಳೇ ಕಬ್ಬಿಣದ ಕಂಬ ಇದೆ. ಅಂಥ ಮಳೆಯಲ್ಲೂ ನಿಂತಿದೆ, ಅದು ದೆಹಲಿಗಿಂತ ದೊಡ್ಡ ಸೋಜಿಗ ಅಂತ ನನ್ನ ಅಭಿಪ್ರಾಯ. ಆದರೆ ಮಳೆ ನೀರಲ್ಲಿ ಉಪ್ಪಿಲ್ಲ. ಸಮುದ್ರದ ನೀರಲ್ಲಿ ಲೀಟರಿಗೆ 35 ಗ್ರಾಂ ಉಪ್ಪು, ಅದರಲ್ಲಿ ಕ್ಲೋರೈಡ್ ಒಂದೇ 19 ಗ್ರಾಂ. ಆ ಪದರ ಅಲ್ಲಿ ನಿಲ್ಲುವುದಿಲ್ಲ. ಅಮೆರಿಕದವರು 1933ರಲ್ಲಿ ಮಾರುಕಟ್ಟೆಗೆ ತಂದ ಕಾರ್ಟೆನ್ ಸ್ಟೀಲೂ ಇದೇ ಜಾತಿ. ತಾಮ್ರ, ಕ್ರೋಮಿಯಂ, ರಂಜಕ ಸ್ವಲ್ಪ ಸ್ವಲ್ಪ ಸೇರಿಸಿದ್ದು. ಊರೊಳಗಿನ ಸೇತುವೆಗೆ ಚೆನ್ನ, ಕಡಲತೀರದಲ್ಲಿ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಜಪಾನಿನವರು ಅದಕ್ಕೆ 3 ಶೇಕಡಾ ನಿಕಲ್ ಹಾಕಿ ಕರಾವಳಿ ಸೇತುವೆಗೆ ಒಗ್ಗಿಸಿದರು. ಅದೂ ಗಾಳಿಯಲ್ಲಿ ಇರುವ ಸೇತುವೆಗೆ, ನೀರಲ್ಲಿ ಮುಳುಗಿದ ಹಲ್‌ಗೆ ಅಲ್ಲ.

ಗಲ್ಫ್ ಕನ್ನಡಿಗ:
ನಾನು ಇಲ್ಲಿ ಸಮುದ್ರದ ನೀರನ್ನು ಕುಡಿಯುವ ನೀರು ಮಾಡುವ ಪ್ಲಾಂಟಿನಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ನಮ್ಮ ಕೆಲಸ ಪೂರ್ತಿ ಇದೇ, ಯಾವ ಪೈಪು ಯಾವಾಗ ತೂತಾಗುತ್ತದೆ ಅಂತ ಕಾಯುವುದು.

ಸ್ಟೇನ್‌ಲೆಸ್ ತೂತು ಬೀಳುವುದನ್ನು ಎಷ್ಟು ತಡೆಯುತ್ತದೆ ಅಂತ ನೋಡಲು ಇಲ್ಲಿ ನಾವು ಒಂದು ಅಳತೆಗೋಲು ಇಟ್ಟುಕೊಳ್ಳುತ್ತೇವೆ. ಪಿಆರ್‌ಇಎನ್ ಅಂತ. ಕ್ರೋಮಿಯಂ ಎಷ್ಟು ಶೇಕಡಾ ಇದೆಯೋ ಅದಕ್ಕೆ ಮಾಲಿಬ್ಡಿನಂನ 3.3 ಪಟ್ಟು, ನೈಟ್ರೋಜನ್‌ನ 16 ಪಟ್ಟು ಕೂಡಿಸಿ. 304ಕ್ಕೆ 18-19 ಬರುತ್ತದೆ. 316ಕ್ಕೆ 24ರ ಆಸುಪಾಸು. 2205 ಡ್ಯೂಪ್ಲೆಕ್ಸ್‌ಗೆ (ಒಳಗೆ ಎರಡು ಥರದ ರಚನೆ ಬೆರೆತ ಸ್ಟೇನ್‌ಲೆಸ್) 35. ಸಮುದ್ರದಲ್ಲಿ ಸಂದಿಗೊಂದಿ ಇದ್ದರೂ ನಂಬಿ ಬಿಡಬಹುದು ಅನ್ನುವುದು 40 ದಾಟಿದ ಮೇಲೆ, ಅಂದರೆ 2507 ಥರದ ಸೂಪರ್ ಡ್ಯೂಪ್ಲೆಕ್ಸ್. ನೀರು ಬೆಚ್ಚಗಿದ್ದಷ್ಟೂ ಕಷ್ಟ. ನಾರ್ವೆಯ ತಣ್ಣೀರಲ್ಲಿ ನಡೆದದ್ದು ಅರಬ್ಬಿ ಸಮುದ್ರದಲ್ಲಿ ನಡೆಯುತ್ತದೆ ಅಂತ ಇಲ್ಲ.

ಬೆಲೆ ಏರುವುದು ಯಾವುದರಿಂದ ಅಂತ ನೋಡಿದರೆ ನಿಕಲ್ ಮತ್ತು ಮಾಲಿಬ್ಡಿನಂ. ಎರಡೂ ನಮ್ಮ ದೇಶಕ್ಕೆ ಹೊರಗಿನಿಂದ ಬರಬೇಕು. ನಿಕಲ್ ಅಂತೂ 2022ರ ಮಾರ್ಚ್ 8ರಂದು ಲಂಡನ್ ಮಾರುಕಟ್ಟೆಯಲ್ಲಿ ಟನ್ನಿಗೆ ಒಂದು ಲಕ್ಷ ಡಾಲರ್ ದಾಟಿ, ವ್ಯಾಪಾರವನ್ನೇ ನಿಲ್ಲಿಸಿದ್ದರು. ಆ ವಾರ ಇಲ್ಲಿ ಯಾವ ಸಪ್ಲೈಯರೂ ರೇಟ್ ಕೊಡಲಿಲ್ಲ, ಫೋನೇ ಎತ್ತಲಿಲ್ಲ.

ಸುರತ್ಕಲ್ ಮೆಟಲರ್ಜಿ:
ನನ್ನ ಪ್ರಾಜೆಕ್ಟ್ ಇದರ ಮೇಲೆಯೇ ಇರುವುದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಹಾಕುವುದು ಹಳೇ ಉಪಾಯ. 200 ಸರಣಿ ಹುಟ್ಟಿದ್ದೇ ಹಾಗೆ. ಅದು ಸಮುದ್ರದಲ್ಲಿ ಯಾಕೆ ಸೋಲುತ್ತದೆ? ಮ್ಯಾಂಗನೀಸ್ ಕೆಟ್ಟದ್ದು ಅಂತ ಅಲ್ಲ. ಸ್ಟೇನ್‌ಲೆಸ್ ಒಳಗೆ ಆಸ್ಟೆನೈಟ್ ಅನ್ನುವ ರಚನೆ ಉಳಿಯಬೇಕಾದರೆ ನಿಕಲ್ ಬೇಕು. ನಿಕಲ್ ತೆಗೆದು ಮ್ಯಾಂಗನೀಸ್ ಹಾಕಿದರೆ ಅದಕ್ಕೆ ಅಷ್ಟು ಬಲ ಇಲ್ಲ. ಹಾಗಾಗಿ ಎದುರು ಎಳೆಯುವ ಕ್ರೋಮಿಯಂ ಅನ್ನೇ ಇಳಿಸಬೇಕಾಗುತ್ತದೆ. 18 ಇದ್ದದ್ದು 15-16ಕ್ಕೆ ಬರುತ್ತದೆ. ಪಾತ್ರೆಗೆ ಸಾಕು, ಕಡಲಿಗೆ ಸಾಲದು. ಜೊತೆಗೆ ಮ್ಯಾಂಗನೀಸ್ ಗಂಧಕದ ಜೊತೆ ಸೇರಿ ಚಿಕ್ಕ ಚಿಕ್ಕ ಕಣ ಕಟ್ಟುತ್ತದೆ, ತೂತು ಶುರುವಾಗುವುದು ಹೆಚ್ಚಾಗಿ ಅಲ್ಲೇ.

ನಿಕಲ್ ಕಡಿಮೆ ಇರುವ ಲೀನ್ ಡ್ಯೂಪ್ಲೆಕ್ಸ್ ಈ ಗಂಟನ್ನು ಬಿಡಿಸಿದ್ದು ಹೀಗೆ. ಪೂರ್ತಿ ಆಸ್ಟೆನೈಟ್ ಬೇಡ, ಅರ್ಧ ಫೆರೈಟ್ ಅನ್ನುವ ಇನ್ನೊಂದು ರಚನೆ ಇರಲಿ ಅಂತ ಒಪ್ಪಿಕೊಂಡರೆ ಕ್ರೋಮಿಯಂ ಇಳಿಸಬೇಕಾಗಿಲ್ಲ. 2101 ಅನ್ನುವ ಗ್ರೇಡಿನಲ್ಲಿ ಕ್ರೋಮಿಯಂ 21.5, ನಿಕಲ್ ಬರೀ 1.5, ಮ್ಯಾಂಗನೀಸ್ 5, ನೈಟ್ರೋಜನ್ 0.22. ಇಲ್ಲಿ ಮ್ಯಾಂಗನೀಸ್‌ನ ದೊಡ್ಡ ಉಪಕಾರ ಅಂದರೆ ನೈಟ್ರೋಜನ್ ಅನ್ನು ಕರಗಿಸಿ ಹಿಡಿದಿಟ್ಟುಕೊಳ್ಳುವುದು. ನೈಟ್ರೋಜನ್ ಗಾಳಿಯಲ್ಲೇ ಇರುವುದು, ಗಣಿ ತೋಡಬೇಕಾಗಿಲ್ಲ. ಮೇಲಿನ ಅಳತೆಗೋಲಿನಲ್ಲಿ 26 ಬರುತ್ತದೆ, 316ಕ್ಕಿಂತ ಒಂದು ಮೆಟ್ಟಿಲು ಮೇಲೆ.

ಇನ್ನೊಂದು ಲಾಭ ಬಲ. 316ರ ಯೀಲ್ಡ್ (ಲೋಹ ಕಾಯಂ ಆಗಿ ಬಾಗಲು ಶುರುವಾಗುವ ಒತ್ತಡ) ಸುಮಾರು 205 ಮೆಗಾಪ್ಯಾಸ್ಕಲ್, ಡ್ಯೂಪ್ಲೆಕ್ಸ್‌ನದ್ದು 450. ತೆಳು ಪ್ಲೇಟ್ ಸಾಕಾಗುತ್ತದೆ. ಕೆಜಿ ರೇಟ್ ಕೇಳಿ ಹೆದರುವ ಮೊದಲು ಎಷ್ಟು ಕೆಜಿ ಬೇಕು ಅಂತ ಕೇಳಬೇಕು.

ನಮ್ಮ ರಾಜ್ಯದಲ್ಲೇ ನೋಡಿ, ಸಂಡೂರಿನಲ್ಲಿ ಮ್ಯಾಂಗನೀಸ್ ಇದೆ, ಹಾಸನ ಜಿಲ್ಲೆಯ ಬೈರಾಪುರದಲ್ಲಿ ಕ್ರೋಮೈಟ್ ತೆಗೆಯುತ್ತಿದ್ದರು. ದೇಶಕ್ಕೆ ಬೇಕಾದ ಕ್ರೋಮೈಟ್ ಹೆಚ್ಚಾಗಿ ಒಡಿಶಾದ ಸುಕಿಂದಾದಿಂದ ಬರುತ್ತದೆ. ಅಂದರೆ ಕಬ್ಬಿಣ, ಕ್ರೋಮಿಯಂ, ಮ್ಯಾಂಗನೀಸ್, ನೈಟ್ರೋಜನ್ ನಾಲ್ಕೂ ನಮ್ಮ ನೆಲದ್ದೇ. ಅಗ್ಗದ ಕಡಲ ಸ್ಟೀಲ್ ಅಂತ ಯಾರಾದರೂ ಹುಡುಕುವುದಾದರೆ ಈ ನಾಲ್ಕರ ಒಳಗೇ ಹುಡುಕಬೇಕು ಅಂತ ನನ್ನ ವಾದ. ಹೈ ಎಂಟ್ರಪಿ ಅಲಾಯ್ (ಹಲವು ಲೋಹ ಹೆಚ್ಚುಕಡಿಮೆ ಸಮಪಾಲು ಬೆರೆಸಿದ್ದು) ಅಂತ ಈಗ ಕಾನ್ಫರೆನ್ಸಿನಲ್ಲಿ ಎಲ್ಲರೂ ಮಾತಾಡುತ್ತಾರೆ, ಆದರೆ ಅದರಲ್ಲಿ ಕೋಬಾಲ್ಟ್, ನಿಕಲ್ ಸುರಿದಿರುತ್ತಾರೆ. ಪೇಪರ್ ಬರೆಯಲು ಚೆನ್ನ.

ದಕ್ಕೆ ವೆಲ್ಡರ್:
ತಮ್ಮಾ, ಓದಲಿಕ್ಕೆ ಚೆಂದ ಉಂಟು. ಬೆಸುಗೆ ಯಾರು ಹಾಕುವುದು? ಡ್ಯೂಪ್ಲೆಕ್ಸ್‌ಗೆ ಶಾಖ ಜಾಸ್ತಿ ಆದರೆ ಸಿಗ್ಮಾ ಅಂತ ಗಡಸು ಕಟ್ಟುತ್ತದೆ, ಕಡಿಮೆ ಆಗಿ ಬೇಗ ತಣಿದರೆ ಫೆರೈಟ್ ಜಾಸ್ತಿ. ಎರಡರಲ್ಲೂ ಬೆಸುಗೆ ಪಕ್ಕದಿಂದಲೇ ಹೋಗುತ್ತದೆ. ಅದಕ್ಕೆ ಅದರದ್ದೇ ರಾಡ್ ಬೇಕು, ಪಾಸಿನಿಂದ ಪಾಸಿಗೆ ಬಿಸಿ ಅಳೆಯಬೇಕು. ದಕ್ಕೆಯಲ್ಲಿ ಮಳೆ ಹನಿಯುವಾಗ ಟಾರ್ಪಾಲ್ ಕಟ್ಟಿಕೊಂಡು ಕೂತವನಿಗೆ ಇದೆಲ್ಲ ಆಗುವ ಮಾತಾ?

ಇಲ್ಲಿ 316ನ್ನೇ ಸರಿಯಾಗಿ ಮಾಡುವವರು ಕಡಿಮೆ. ಬೆಸುಗೆ ಆದ ಮೇಲೆ ಬರುವ ನೀಲಿ, ಕಂದು ಬಣ್ಣವನ್ನು ಪಿಕ್ಲಿಂಗ್ ಪೇಸ್ಟ್ (ಆಮ್ಲದ ಪೇಸ್ಟ್) ಹಚ್ಚಿ ತೆಗೆಯಬೇಕು. ಆ ಬಣ್ಣದ ಅಡಿಯಲ್ಲಿ ಕ್ರೋಮಿಯಂ ಕಡಿಮೆ ಆಗಿರುತ್ತದೆ. ಮತ್ತೆ ಮೈಲ್ಡ್ ಸ್ಟೀಲಿಗೆ ಹಾಕಿದ ವೈರ್ ಬ್ರಷ್ಷನ್ನೇ ಸ್ಟೇನ್‌ಲೆಸ್‌ಗೂ ಹಾಕುತ್ತಾರೆ. ಕಬ್ಬಿಣದ ಪುಡಿ ಅದರಲ್ಲಿ ಹೂತುಕೊಂಡು ಎರಡೇ ವಾರಕ್ಕೆ ಕೆಂಪು. ಆಮೇಲೆ ಮಾಲು ಡೂಪ್ಲಿಕೇಟ್ ಅಂತ ಅಂಗಡಿಯವನ ಜೊತೆ ಜಗಳ.

ಗಲ್ಫ್ ಕನ್ನಡಿಗ:
ವೆಲ್ಡರಣ್ಣ ಹೇಳಿದ್ದು ನೂರಕ್ಕೆ ನೂರು. ನನ್ನದೂ ಒಂದು ತಕರಾರು. 26 ಅಂದರೆ 24ಕ್ಕಿಂತ ಎಷ್ಟು ದೂರ? 316 ತೂತಾದ ಸ್ಟರ್ನ್ ಟ್ಯೂಬಿನಲ್ಲಿ 2101 ಕೂಡ ತೂತಾಗುತ್ತದೆ, ಸ್ವಲ್ಪ ತಡವಾಗಿ ಅಷ್ಟೇ. ಅದನ್ನು ನೀರಿನ ಮೇಲೆ ಹಾಕಿ. ವಿಂಚ್ ಸ್ಟ್ಯಾಂಡು, ಕಂಬಿ, ಮಂಜುಗಡ್ಡೆ ಹಾಕುವ ಹೋಲ್ಡಿನ ಒಳ ತಗಡು. ಅಲ್ಲಿ ದಿನಾ ಸಿಹಿನೀರಿನಲ್ಲಿ ತೊಳೆದರೆ ವರ್ಷಗಟ್ಟಲೆ ಬರುತ್ತದೆ.

ಲೋಹದ ಹೆಸರಿಗಿಂತ ಅದು ಕೂತ ಜಾಗ ಮುಖ್ಯ ಅನ್ನಲು ನನಗೆ ಇಷ್ಟವಾದ ಉದಾಹರಣೆ ಮೆಕ್ಸಿಕೋದ ಪ್ರೊಗ್ರೆಸೊ ಬಂದರಿನದ್ದು. 1940ರ ಹೊತ್ತಿಗೆ ಕಟ್ಟಿದ ಉದ್ದದ ಜೆಟ್ಟಿ, ಕಾಂಕ್ರೀಟಿನ ಒಳಗೆ 304 ಸರಳು. ದಶಕಗಟ್ಟಲೆ ಬಿಸಿ ಸಮುದ್ರದಲ್ಲಿ ನಿಂತು ಗಟ್ಟಿಯಾಗಿದೆ. ಪಕ್ಕದಲ್ಲೇ ಆಮೇಲೆ ಮಾಮೂಲಿ ಸರಳು ಹಾಕಿ ಕಟ್ಟಿದ ಇನ್ನೊಂದು ಜೆಟ್ಟಿ ಹಾಳುಬಿದ್ದಿದೆ. ಬರಿಮೈಯಲ್ಲಿ ನೀರಿಗೆ ಬಿಟ್ಟರೆ ಸೋಲುವ 304 ಕಾಂಕ್ರೀಟಿನ ಕ್ಷಾರದಲ್ಲಿ ಗೆದ್ದಿತು. 2025ರಲ್ಲಿ ಸಂಚಾರಕ್ಕೆ ತೆರೆದ ನಮ್ಮ ಹೊಸ ಪಾಂಬನ್ ಸೇತುವೆಯಲ್ಲೂ ಸ್ಟೇನ್‌ಲೆಸ್ ಸರಳು ಹಾಕಿದ್ದಾರೆ.

ಮಲ್ಪೆ ಬೋಟಿನವ:
ಎಲ್ಲ ಸರಿ. ನನ್ನ ಹಲ್? ನೌಕಾಪಡೆಯವರ ಹಡಗಿನ ಸ್ಟೀಲ್ ಬೇರೆ ಅಲ್ವಾ, ಅದು ನಮಗೆ ಸಿಕ್ಕಿದರೆ?

ಹಡಗಿನ ಇಂಜಿನಿಯರ್:
ವಿಕ್ರಾಂತ್‌ಗೆ ಹಾಕಿದ್ದು ಡಿಎಂಆರ್ 249ಎ, ಹೈದರಾಬಾದಿನ ರಕ್ಷಣಾ ಲೋಹ ಪ್ರಯೋಗಾಲಯ ಡಿಎಂಆರ್‌ಎಲ್ ಮತ್ತು ಸರ್ಕಾರಿ ಉಕ್ಕಿನ ಕಂಪನಿ ಸೈಲ್ ಸೇರಿ ಮಾಡಿದ್ದು. ಒಳ್ಳೇ ಸ್ಟೀಲು. ಆದರೆ ಅದರ ಗುಣ ಬಲ ಮತ್ತು ಪೆಟ್ಟು ತಡೆಯುವುದು. ತುಕ್ಕಿನ ವಿಷಯದಲ್ಲಿ ಅದೂ ಪೇಂಟು ಮತ್ತು ಕ್ಯಾಥೋಡಿಕ್ ರಕ್ಷಣೆ (ಸಣ್ಣ ಕರೆಂಟ್ ಹರಿಸಿ ಉಕ್ಕು ಕರಗದ ಹಾಗೆ ಮಾಡುವುದು) ಮೇಲೆಯೇ ನಿಂತಿದೆ. ಜಗತ್ತಿನ ದೊಡ್ಡ ಹಡಗುಗಳ ಹಲ್ ಬಹುತೇಕ ಮಾಮೂಲಿ ಇಂಗಾಲದ ಉಕ್ಕೇ. ಸ್ಟೇನ್‌ಲೆಸ್ ಹಲ್ ಮಾಡಿ ಯಾರೂ ಬದುಕುವುದಿಲ್ಲ.

ಪೇಂಟಿಲ್ಲದ ಉಕ್ಕು ಮುಳುಗಿದ್ದಲ್ಲಿ ವರ್ಷಕ್ಕೆ ಸುಮಾರು 0.1 ಮಿಲಿಮೀಟರ್ ಕರಗುತ್ತದೆ. ಅಲೆ ಚಿಮ್ಮುವ ಜಾಗದಲ್ಲಿ ಅದರ ಮೂರು ನಾಲ್ಕು ಪಟ್ಟು, ಯಾಕೆಂದರೆ ಅಲ್ಲಿ ಉಪ್ಪೂ ಸಿಗುತ್ತದೆ, ಗಾಳಿಯೂ ಸಿಗುತ್ತದೆ. ನಿಮ್ಮ ನೀರಿನ ಗೆರೆ ತೆಳುವಾಗುವುದು ಇದಕ್ಕೇ. ಅಲ್ಲಿ ಆನೋಡಿನ (ಉಕ್ಕಿನ ಬದಲು ಕರಗಲಿ ಅಂತ ಹಲ್‌ಗೆ ಬಿಗಿಯುವ ಲೋಹದ ತುಂಡು) ರಕ್ಷಣೆಯೂ ತಲುಪುವುದಿಲ್ಲ, ಅದು ಕೆಲಸ ಮಾಡಬೇಕಾದರೆ ನೀರಿನೊಳಗೇ ಇರಬೇಕು. ಆ ಒಂದು ಪಟ್ಟಿಗೆ ಮಾತ್ರ ಎರಡು ಮಿಲಿಮೀಟರ್ ಜಾಸ್ತಿ ದಪ್ಪದ ಪ್ಲೇಟ್ ಹಾಕಿ, ಸ್ಯಾಂಡ್ ಬ್ಲಾಸ್ಟ್ ಮಾಡಿಸಿ ಎಪಾಕ್ಸಿ ಹೊಡೆಸಿ. ಚಿಪ್ಪಿಂಗ್ ಸುತ್ತಿಗೆಯಲ್ಲಿ ಕುಟ್ಟಿ ಅದೇ ದಿನ ಮೇಲೆ ಪೇಂಟ್ ಬಳಿದರೆ ದುಡ್ಡು ನೀರಿಗೆ.

ಉಳಿದದ್ದು ಆನೋಡ್. ನಿಜ ಹೇಳಬೇಕೆಂದರೆ ಕಡಲಲ್ಲಿ ದುಡ್ಡಿಗೆ ಸರಿಯಾಗಿ ದುಡಿಯುವ ಮಿಶ್ರಲೋಹ ಇದೊಂದೇ, ಅದು ಕರಗಲಿ ಅಂತಲೇ ಮಾಡಿದ್ದು. ಮನೆಯ ಹಿರಿಮಗನ ಹಾಗೆ ಎಲ್ಲರ ಪಾಲಿನ ಪೆಟ್ಟು ತಾನೇ ತಿನ್ನುತ್ತದೆ. ಇದರ ಬಗ್ಗೆ ಯಾರೂ ವಾಟ್ಸಾಪ್ ಫಾರ್ವರ್ಡ್ ಕಳಿಸುವುದಿಲ್ಲ.

ಮಲ್ಪೆ ಬೋಟಿನವ:
ಸತುವಿನ ಆನೋಡ್ ಹಾಕಿದ್ದೇನೆ ಸರ್. ಎಳೆದಾಗ ನೋಡಿದರೆ ಹಾಕಿದ ಹಾಗೇ ಇತ್ತು, ಸ್ವಲ್ಪವೂ ಸವೆದಿರಲಿಲ್ಲ. ಒಳ್ಳೇ ಗಟ್ಟಿ ಮಾಲು ಅಂತ ಖುಷಿಪಟ್ಟೆ.

ಹಡಗಿನ ಇಂಜಿನಿಯರ್:
ಅಯ್ಯೋ, ಸವೆಯದ ಆನೋಡ್ ಅಂದರೆ ದುಡಿಯದ ಆನೋಡ್! ಅದರ ಪಾಲಿನ ಕೆಲಸ ನಿಮ್ಮ ಹಲ್ ಮಾಡಿದೆ.

ಕಾರಣ ಎರಡಿರಬಹುದು. ಒಂದು, ಬೋಲ್ಟಿನ ಅಡಿಯಲ್ಲಿ ಪೇಂಟ್ ಸಿಕ್ಕಿಕೊಂಡು ಹಲ್‌ಗೆ ಕರೆಂಟ್ ಸಂಪರ್ಕ ಇಲ್ಲ, ಅಥವಾ ಆನೋಡಿಗೇ ಪೇಂಟ್ ಹೊಡೆದಿದ್ದಾರೆ. ಇದನ್ನು ಎಷ್ಟೋ ಕಡೆ ನೋಡಿದ್ದೇನೆ. ಎರಡನೆಯದು ಲೋಹದ ಶುದ್ಧಿ. ಸತುವಿನ ಆನೋಡಿನಲ್ಲಿ ಕಬ್ಬಿಣ 0.005 ಶೇಕಡಾ ದಾಟಬಾರದು ಅಂತ ಅಮೆರಿಕದ ನೌಕಾಪಡೆಯ ಸ್ಪೆಸಿಫಿಕೇಶನ್ ಹೇಳುತ್ತದೆ. ಅಂದರೆ 20 ಕೆಜಿಯಲ್ಲಿ ಒಂದು ಗ್ರಾಂ. ಅದಕ್ಕಿಂತ ಜಾಸ್ತಿ ಆದರೆ ಮೇಲೆ ಗಟ್ಟಿ ಪೊರೆ ಬೆಳೆದು ಆನೋಡ್ ಸತ್ತುಹೋಗುತ್ತದೆ. ಗುಜರಿ ಸತುವನ್ನು ಕಬ್ಬಿಣದ ಬಾಣಲೆಯಲ್ಲಿ ಕರಗಿಸಿ ಎರಕ ಹೊಯ್ದರೆ ಬಾಣಲೆಯ ಕಬ್ಬಿಣವೇ ಕರಗಿ ಸೇರಿಕೊಳ್ಳುತ್ತದೆ.

ದಕ್ಕೆ ವೆಲ್ಡರ್:
ಎಲ್ಲರೂ ಹಾಗೇ ಹೊಯ್ಯುವುದು ಮಾರಾಯ್ರೆ. ಗ್ರಾಫೈಟ್ ಮೂಸೆ ಯಾರ ಹತ್ತಿರ ಉಂಟು?

ಹಡಗಿನ ಇಂಜಿನಿಯರ್:
ಅದನ್ನೇ ಹೇಳುತ್ತಿರುವುದು. ಒಂದು ಮೂಸೆಯ ಖರ್ಚು, ಬ್ಯಾಚಿಗೆ ಒಂದು ಲ್ಯಾಬ್ ಟೆಸ್ಟು. ಸಹಕಾರ ಸಂಘದವರು ಮನಸ್ಸು ಮಾಡಿದರೆ ಇಡೀ ಬಂದರಿಗೆ ಸಾಕಾಗುವಷ್ಟು ಹೊಯ್ಯಬಹುದು.

ಇನ್ನೂ ಚೆನ್ನಾಗಿ ಮಾಡುವುದಾದರೆ ಸತು ಬಿಟ್ಟು ಅಲ್ಯೂಮಿನಿಯಂ ಆನೋಡಿಗೆ ಬನ್ನಿ. ಬರೀ ಅಲ್ಯೂಮಿನಿಯಂ ನಡೆಯುವುದಿಲ್ಲ, ಅದರ ಮೇಲಿನ ಆಕ್ಸೈಡ್ ಪದರ ಅದನ್ನು ಮಲಗಿಸಿಬಿಡುತ್ತದೆ. ಸುಮಾರು 5 ಶೇಕಡಾ ಸತು, 0.02 ಶೇಕಡಾ ಇಂಡಿಯಂ ಸೇರಿಸಿದರೆ ಆ ಪದರ ನಿಲ್ಲುವುದಿಲ್ಲ. ಒಂದು ಕೆಜಿ ಸತು ಕೊಡುವುದು 780 ಆಂಪಿಯರ್ ಗಂಟೆ, ಈ ಅಲ್ಯೂಮಿನಿಯಂ 2500ರ ಹತ್ತಿರ. ಮಳೆಗಾಲದಲ್ಲಿ ಅಳಿವೆಯ ನೀರು ಸಿಹಿಯಾದಾಗ ಸತು ಇನ್ನೂ ಮಂಕಾಗುತ್ತದೆ, ಇದು ಅರೆ ಉಪ್ಪು ನೀರಲ್ಲೂ ದುಡಿಯುತ್ತದೆ. ದುಡಿಯುತ್ತಿದೆಯಾ ಅಂತ ನೋಡಲು ಸಿಲ್ವರ್ ಕ್ಲೋರೈಡ್ ಎಲೆಕ್ಟ್ರೋಡ್ ಒಂದನ್ನು ನೀರಿಗೆ ಇಳಿಸಿ, ಮಲ್ಟಿಮೀಟರಿನ ಇನ್ನೊಂದು ತುದಿ ಹಲ್‌ಗೆ ಹಿಡಿಯಿರಿ. ಮೈನಸ್ 0.80 ವೋಲ್ಟ್ ಅಥವಾ ಅದಕ್ಕಿಂತ ಕೆಳಗೆ ಇದ್ದರೆ ಹಲ್ ಸುರಕ್ಷಿತ. ಮೈನಸ್ 0.65 ತೋರಿಸಿದರೆ ಹಲ್ ಕರಗುತ್ತಿದೆ ಅಂತಲೇ.

ಬೆಂಗಳೂರು ಹುಡುಗ:
ಹಾಗಾದರೆ ಜಾಸ್ತಿ ಆನೋಡ್ ಹಾಕಿದಷ್ಟೂ ಒಳ್ಳೆಯದಾ?

ಹಡಗಿನ ಇಂಜಿನಿಯರ್:
ಇಲ್ಲ. ಮೈನಸ್ 1.1 ದಾಟಿದರೆ ಪೇಂಟ್ ಏಳುತ್ತದೆ. ಇದಕ್ಕೆ ಒಂದು ಹಳೇ ಕಥೆ ಇದೆ. ಬ್ರಿಟನ್ನಿನವರು 1761ರಲ್ಲಿ ಅಲಾರ್ಮ್ ಅನ್ನುವ ಮರದ ಯುದ್ಧನೌಕೆಗೆ ತಾಮ್ರದ ತಗಡು ಹೊಡೆದರು, ಹುಳ ಕೊರೆಯಬಾರದು, ಚಿಪ್ಪು ಕೂರಬಾರದು ಅಂತ. ತಗಡು ಚೆನ್ನಾಗಿತ್ತು, ಅದನ್ನು ಹಿಡಿದ ಕಬ್ಬಿಣದ ಮೊಳೆಗಳು ಕರಗಿಹೋದವು. ತಗಡು ಸುತ್ತಿ ಬಂದಿದ್ದ ಕಂದು ಕಾಗದ ಎಲ್ಲಿ ಮಧ್ಯೆ ಸಿಕ್ಕಿಕೊಂಡಿತ್ತೋ ಅಲ್ಲಿಯ ಮೊಳೆ ಮಾತ್ರ ಉಳಿದಿತ್ತು. ಆಮೇಲೆ 1824ರಲ್ಲಿ ಹಂಫ್ರಿ ಡೇವಿ ತಾಮ್ರಕ್ಕೆ ಸತು, ಕಬ್ಬಿಣದ ತುಂಡು ತಾಗಿಸಿ ತಾಮ್ರ ಕರಗದ ಹಾಗೆ ಮಾಡಿದ. ತಾಮ್ರ ಉಳಿಯಿತು. ಆದರೆ ಚಿಪ್ಪನ್ನು ದೂರ ಇಡುತ್ತಿದ್ದದ್ದು ಕರಗುವ ತಾಮ್ರವೇ ಆಗಿತ್ತಲ್ಲ! ಹಡಗಿನ ಅಡಿ ಪೂರ್ತಿ ಚಿಪ್ಪು ಬೆಳೆದು ವೇಗ ಬಿತ್ತು, ನೌಕಾಪಡೆ ಅದನ್ನು ಕೈಬಿಟ್ಟಿತು.

ಮಲ್ಪೆ ಬೋಟಿನವ:
ಶಾಫ್ಟಿಗೆ ವಾಪಸ್ ಬರೋಣ. ಹಲ್‌ನ ಆನೋಡ್ ಶಾಫ್ಟನ್ನೂ ಕಾಯಬೇಕಿತ್ತಲ್ವಾ?

ಹಡಗಿನ ಇಂಜಿನಿಯರ್:
ಕಾಯುತ್ತದೆ, ಕರೆಂಟ್ ದಾರಿ ಇದ್ದರೆ. ನಿಮ್ಮ ಶಾಫ್ಟ್ ಕೂತಿರುವುದು ರಬ್ಬರ್ ಬೇರಿಂಗ್ ಮೇಲೆ, ಗೇರ್ ಬಾಕ್ಸ್ ಒಳಗೆ ಎಣ್ಣೆಯ ಪದರ. ಹಲ್‌ಗೂ ಶಾಫ್ಟಿಗೂ ಸಂಪರ್ಕ ಗ್ಯಾರಂಟಿ ಇಲ್ಲ. ಶಾಫ್ಟ್ ಮೇಲೆ ಉಜ್ಜುವ ಒಂದು ಕಾರ್ಬನ್ ಬ್ರಷ್ ಕೊಟ್ಟು ಹಲ್‌ಗೆ ತಂತಿ ಎಳೆಯಿರಿ, ಅಥವಾ ಶಾಫ್ಟಿಗೇ ಕಾಲರ್ ಆನೋಡ್ ಹಾಕಿ. ಅದೂ ಟ್ಯೂಬಿನ ಕಿರಿದಾದ ಸಂದಿಯಲ್ಲಿ ಆಳಕ್ಕೆ ತಲುಪುವುದಿಲ್ಲ. ಅದಕ್ಕೆ ಇಂಜಿನ್ ಕೂಲಿಂಗ್ ನೀರಿನಿಂದ ಒಂದು ಪೈಪು ಸ್ಟರ್ನ್ ಟ್ಯೂಬಿಗೆ ಬಿಡಿ, ನೀರು ಹರಿಯುತ್ತಿರಲಿ. ರಜೆಯಲ್ಲಿ ಕಟ್ಟಿಹಾಕಲೇಬೇಕು ಅಂದರೆ ಎರಡು ಮೂರು ದಿನಕ್ಕೊಮ್ಮೆ ಶಾಫ್ಟ್ ತಿರುಗಿಸಿ. ಇಷ್ಟು ಮಾಡಿದರೆ 316 ಸಾಕು. ದುಡ್ಡಿದ್ದರೆ 2205.

ಪ್ರೊಪೆಲ್ಲರ್ ಯಾವುದು? ಮ್ಯಾಂಗನೀಸ್ ಬ್ರಾಂಜ್ ಅಂತ ಮಾರುವುದು ನಿಜಕ್ಕೆ ಹಿತ್ತಾಳೆ, 40 ಶೇಕಡಾದಷ್ಟು ಸತು. ಆ ಸತು ಕರಗಿ ಹೋದ ಮೇಲೆ ಉಳಿಯುವುದು ಕೆಂಪಗಿನ ಪೊಳ್ಳು ತಾಮ್ರ. ಕಲ್ಲಿಗೆ ತಾಗಿದರೆ ರೆಕ್ಕೆ ಮುರಿಯುತ್ತದೆ. ನಿಕಲ್ ಅಲ್ಯೂಮಿನಿಯಂ ಬ್ರಾಂಜ್ ಬೆಲೆ ಜಾಸ್ತಿ, ಬಾಳಿಕೆಯೂ ಜಾಸ್ತಿ.

ಗಲ್ಫ್ ಕನ್ನಡಿಗ:
ಅಲ್ಯೂಮಿನಿಯಂ ಬೋಟಿನ ಮಾತು ಯಾರೂ ಎತ್ತಲಿಲ್ಲ. 5083 ಗ್ರೇಡ್, ಮೆಗ್ನೀಷಿಯಂ ನಾಲ್ಕೂವರೆ ಶೇಕಡಾ, ಪೇಂಟ್ ಇಲ್ಲದೆಯೂ ಸಮುದ್ರದಲ್ಲಿ ನಿಲ್ಲುತ್ತದೆ. ಆದರೆ ಬೇರೆ ಲೋಹದ ಸಹವಾಸ ಆಗುವುದಿಲ್ಲ. ಅಮೆರಿಕದ ಇಂಡಿಪೆಂಡೆನ್ಸ್ ಅನ್ನುವ ಯುದ್ಧನೌಕೆ ಅಲ್ಯೂಮಿನಿಯಂನದ್ದು, ನೀರು ಚಿಮ್ಮಿಸುವ ಯಂತ್ರದ ಸುತ್ತ ವಿಪರೀತ ತುಕ್ಕು ಅಂತ 2011ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಆಮೇಲೆ ಕ್ಯಾಥೋಡಿಕ್ ರಕ್ಷಣೆ ಕೂರಿಸಿದರು. ನಮ್ಮ ಕಡೆ ಚಿಪ್ಪು ಕೂರದ ಹಾಗೆ ತಾಮ್ರದ ಆಂಟಿಫೌಲಿಂಗ್ ಪೇಂಟ್ ಎಲ್ಲದಕ್ಕೂ ಬಳಿಯುವ ಅಭ್ಯಾಸ ಇದೆ, ಅಲ್ಯೂಮಿನಿಯಂ ಹಲ್‌ಗೆ ಅದನ್ನು ಬಳಿದರೆ ಕಥೆ ಮುಗಿಯಿತು.

ಸುರತ್ಕಲ್ ಮೆಟಲರ್ಜಿ:
ಸರಿ, ನಾನು ಸೋತೆ ಅಂತ ಒಪ್ಪುವುದಿಲ್ಲ 😀 ಆದರೆ ಒಂದು ಕೆಲಸ ಮಾಡೋಣ. ತುಕ್ಕಿನ ಲೆಕ್ಕ ಊರಿಂದ ಊರಿಗೆ ಬದಲಾಗುತ್ತದೆ. ಕಾರೈಕುಡಿಯ ವಿದ್ಯುತ್ ರಸಾಯನ ಸಂಶೋಧನಾ ಸಂಸ್ಥೆ ಸೆಕ್ರಿಯವರು ಮಂಟಪಂನಲ್ಲಿ ಲೋಹದ ತುಂಡು ಇಟ್ಟು ವರ್ಷಗಟ್ಟಲೆ ಅಳೆದದ್ದು ಅದಕ್ಕೇ. ಅಲ್ಲಿಯ ಅಂಕಿ ನಮ್ಮ ಅಳಿವೆಗೆ ಹೊಂದುವುದಿಲ್ಲ. ಇಲ್ಲಿ ಮಳೆಗಾಲಕ್ಕೆ ನೀರು ಸಿಹಿ, ಬೇಸಗೆಗೆ ಪೂರ್ತಿ ಉಪ್ಪು, ಮೀನಿನ ತ್ಯಾಜ್ಯ ಬೇರೆ. 304, 316, 2101, 2205, ಒಂದು 200 ಸರಣಿ, ಮೈಲ್ಡ್ ಸ್ಟೀಲ್, ಎಲ್ಲದರ ತುಂಡು ಕಟ್ಟಿ ಇಳಿಸಿ ನೋಡೋಣ. ಬೆಸುಗೆ ಹಾಕಿದ್ದು, ಹಾಕದ್ದು ಎರಡೂ.

ದಕ್ಕೆ ವೆಲ್ಡರ್:
304, 316, 202 ಚೂರು ನನ್ನಲ್ಲಿ ರಾಶಿ ಬಿದ್ದಿದೆ. ಬೆಸುಗೆಯನ್ನು ಎರಡು ಥರ ಹಾಕಿ ಕೊಡುತ್ತೇನೆ, ಒಂದಕ್ಕೆ ಪೇಸ್ಟ್ ಹಚ್ಚಿ, ಒಂದಕ್ಕೆ ಹಚ್ಚದೆ. ಡ್ಯೂಪ್ಲೆಕ್ಸ್ ನೀನೇ ತಾ ತಮ್ಮಾ, ರಾಡ್ ಸಹಿತ. ಹಾಕಿ ನೋಡುವ.

ಮಲ್ಪೆ ಬೋಟಿನವ:
ದಕ್ಕೆಯ ಕಂಬಕ್ಕೆ ಕಟ್ಟಲು ಜಾಗ ನಾನು ಕೇಳಿಕೊಡುತ್ತೇನೆ. ಬೋಟಿನ ಪಕ್ಕ ಬೇಡ, ಬಲೆಗೆ ಸಿಕ್ಕಿಕೊಳ್ಳುತ್ತದೆ.

ಹಡಗಿನ ಇಂಜಿನಿಯರ್:
ತುಂಡಿಗೂ ತುಂಡಿಗೂ ಲೋಹದ ಸಂಪರ್ಕ ಇರಬಾರದು, ಕಂಬದ ಕಬ್ಬಿಣಕ್ಕೂ ತಾಗಬಾರದು. ಪಿವಿಸಿ ಫ್ರೇಮ್, ನೈಲಾನ್ ಬೋಲ್ಟು. ಪ್ರತಿ ಗ್ರೇಡಿನ ಅರ್ಧ ತುಂಡುಗಳಿಗೆ ಬೇಕೆಂದೇ ಬಿಗಿ ವಾಷರ್ ಹಾಕಿ, ಸಂದಿ ಸಿಗಬೇಕು, ಸ್ಟರ್ನ್ ಟ್ಯೂಬಿನ ಪರಿಸ್ಥಿತಿ ಬರುವುದು ಅಲ್ಲೇ. ಒಂದು ಸೆಟ್ ಸದಾ ಮುಳುಗಿರಲಿ, ಒಂದು ಉಬ್ಬರ ಇಳಿತದ ಮಧ್ಯೆ. ಮೊದಲು ತೂಕ ಮಾಡಿ ಬರೆದಿಡಿ. ಸ್ಟೇನ್‌ಲೆಸ್‌ನಲ್ಲಿ ತೂಕ ನೋಡಿ ಸಮಾಧಾನ ಪಡಬೇಡಿ, ತೂತಿನ ಆಳ ಅಳೆಯಿರಿ, ಒಂದು ಗ್ರಾಂ ಕಡಿಮೆಯಾಗದೆಯೂ ತಗಡಿನ ಒಂದು ಕಡೆಯಿಂದ ಇನ್ನೊಂದು ಕಡೆಗೆ ತೂತು ಬಿದ್ದಿರಬಹುದು. ಗುರುತಿಗೆ ಪೇಂಟಲ್ಲಿ ನಂಬರ್ ಬರೆಯಬೇಡಿ, ಉಳಿಯುವುದಿಲ್ಲ. ಅಂಚಿನಲ್ಲಿ ಕಚ್ಚು ಕೊಯ್ದು ಲೆಕ್ಕ ಇಟ್ಟುಕೊಳ್ಳಿ.

ಮಲ್ಪೆ ಬೋಟಿನವ:
ಮೇ ಕೊನೆಗೆ ಇಳಿಸಿದರೆ ರಜೆಯ ಎರಡು ತಿಂಗಳೂ ಸಿಗುತ್ತದೆ. ಫ್ರೇಮ್ ಅಳತೆ ಕಳಿಸಿ, ಪೈಪ್ ನಾನು ತರಿಸುತ್ತೇನೆ. ಅಲ್ಯೂಮಿನಿಯಂ ಆನೋಡ್ ಎಲ್ಲಿ ಸಿಗುತ್ತದೆ ಅಂತಲೂ ಯಾರಾದರೂ ಹೇಳಿ, ಆಗಸ್ಟ್‌ಗೆ ಮೊದಲು ಹಾಕಿಸಬೇಕು.